ನೂರ ಹತ್ತು ಜನರ ಊರು

ನನ್ನ ತರಗತಿಯಲ್ಲಿ ಕುಳಿತವರಿಗೆ ಜನಸಾಂದ್ರತೆಯ ಪಾಠ ನೆನಪಿರಬಹುದು. ಒಂದು ಪ್ರದೇಶದ ಜನಸಂಖ್ಯೆಯನ್ನು ಅದರ ವಿಸ್ತೀರ್ಣದಿಂದ ಭಾಗಿಸಿದಾಗ ದೊರೆಯುವ ಅಂಕಿ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಚದರ ಕಿಲೋಮೀಟರಿಗೆ 319 ಜನರು. ಥಾರ್ ಮರುಭೂಮಿಯ ನಡುವಿನ ಜೈಸಲ್ಮೇರ್ ಜಿಲ್ಲೆಯಲ್ಲಿ 17. ಇನ್ನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪಶ್ಚಿಮದಂಚಿನ ಡಯಮಂಟೀನ ಎಂಬ ಆಡಳಿತ ವಿಭಾಗಕ್ಕೆ ಬಂದರೆ ಭಾಗಾಕಾರವನ್ನೇ ತಿರುಗಿಸಿ ಮಾಡಬೇಕಾಗುತ್ತದೆ. ಅದರ ವಿಸ್ತೀರ್ಣ ಸುಮಾರು 95 ಸಾವಿರ ಚದರ ಕಿಲೋಮೀಟರು, ಎಂದರೆ ಹೆಚ್ಚುಕಡಿಮೆ ಅರ್ಧ ಕರ್ನಾಟಕ. ಅಲ್ಲಿನ ಜನರು ಮುನ್ನೂರಕ್ಕಿಂತಲೂ ಕಡಿಮೆ. ನಮ್ಮಲ್ಲಿ ಒಂದು ಚದರ ಕಿಲೋಮೀಟರಿಗೆ ಮುನ್ನೂರಕ್ಕೂ ಹೆಚ್ಚು ಜನರಿದ್ದರೆ, ಅಲ್ಲಿ ಒಬ್ಬ ಮನುಷ್ಯನಿಗೆ ಮುನ್ನೂರಕ್ಕೂ ಹೆಚ್ಚು ಚದರ ಕಿಲೋಮೀಟರು ನೆಲ.

ಆ ವಿಭಾಗದ ಎರಡು ಮುಖ್ಯ ಊರುಗಳಲ್ಲಿ ಒಂದು ಬರ್ಡ್ಸ್‌ವಿಲ್. 2016ರ ಗಣತಿಯಲ್ಲಿ ಅಲ್ಲಿ 140 ಜನರಿದ್ದರು, 2021ರಲ್ಲಿ 110. ನಮ್ಮ ಕಡೆಯ ಒಂದು ಮದುವೆಯ ಪಂಕ್ತಿಯಲ್ಲಿ ಇದಕ್ಕಿಂತ ಹೆಚ್ಚು ಎಲೆ ಬೀಳುತ್ತದೆ. ಹೀಗಿದ್ದೂ ಅಲ್ಲಿ ಶಾಲೆಯಿದೆ, ಚಿಕಿತ್ಸಾಲಯವಿದೆ, ಪೊಲೀಸ್ ಠಾಣೆಯಿದೆ, ವಿಮಾನ ಇಳಿಯುವ ನಿಲ್ದಾಣವಿದೆ. ಇಷ್ಟು ಕಡಿಮೆ ಜನರಿಗೆ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ಯಾರಿಗಾದರೂ ಬರುವಂಥದೇ. ಆ ಪ್ರಶ್ನೆಯಲ್ಲಿ ಲೆಕ್ಕದ ಒಂದು ದೋಷವಿದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ವಿವರಿಸಲು ಮೊದಲು ಆ ಊರಿನ ನೆಲಜಲವನ್ನು ಪರಿಚಯಿಸಬೇಕು.

ಬ್ರಿಸ್ಬೇನ್ ನಗರದಿಂದ ಪಶ್ಚಿಮಕ್ಕೆ ಸುಮಾರು 1,600 ಕಿ.ಮೀ. ಹೋದರೆ ಬರ್ಡ್ಸ್‌ವಿಲ್. ಅಲ್ಲಿಂದ ದಕ್ಷಿಣಕ್ಕೆ ಹತ್ತು ಹನ್ನೆರಡು ಕಿ.ಮೀ. ದಾಟಿದರೆ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಗಡಿ. ಊರಿನ ಒಂದು ಮಗ್ಗುಲಿಗೆ ಗಿಬರ್ ಎಂದು ಕರೆಯುವ ನುಣುಪಾದ ಕೆಂಗಲ್ಲುಗಳನ್ನು ಹಾಸಿದಂತಿರುವ ಕಲ್ಲು ಮರುಭೂಮಿ, ಪಶ್ಚಿಮಕ್ಕೆ ಸಿಂಪ್ಸನ್ ಮರಳುಗಾಡು. ವರ್ಷದ ಮಳೆ ಸರಾಸರಿ 165 ಮಿಲಿಮೀಟರಿನ ಆಸುಪಾಸು. ನಮ್ಮ ಆಗುಂಬೆಯಲ್ಲಿ ಅಷ್ಟು ಮಳೆ ಒಂದೇ ದಿನ ಸುರಿದ ನಿದರ್ಶನಗಳುಂಟು. 1972ರ ಡಿಸೆಂಬರ್ 24ರಂದು ಇಲ್ಲಿ 49.5 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಕ್ವೀನ್ಸ್‌ಲ್ಯಾಂಡ್ ರಾಜ್ಯದ ದಾಖಲೆಯೇ ಅದು. ಕ್ರಿಸ್‌ಮಸ್ ಹಿಂದಿನ ದಿನ ಎಂಬುದನ್ನು ಗಮನಿಸಿರಿ. ದಕ್ಷಿಣಾರ್ಧ ಗೋಳದಲ್ಲಿ ಡಿಸೆಂಬರ್ ಎಂದರೆ ನಡುಬೇಸಿಗೆ ಎಂದು ಎಷ್ಟು ಸಲ ಹೇಳಿಕೊಟ್ಟರೂ ಉತ್ತರಪತ್ರಿಕೆಯಲ್ಲಿ ಚಳಿಗಾಲವೆಂದೇ ಬರೆದವರು ನಿಮ್ಮಲ್ಲೇ ಇದ್ದೀರಿ.

ಸಿಂಪ್ಸನ್ ಮರಳುಗಾಡಿನ ವಿಸ್ತಾರ ಸುಮಾರು 1,76,500 ಚದರ ಕಿಲೋಮೀಟರು, ಕರ್ನಾಟಕಕ್ಕಿಂತ ಸ್ವಲ್ಪ ಕಿರಿದು. ಮರುಭೂಮಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಗಾಳಿಗೆ ಜಾಗ ಬದಲಾಯಿಸುವ ಅರ್ಧಚಂದ್ರಾಕಾರದ ದಿಣ್ಣೆಗಳು. ಇಲ್ಲಿಯ ಬಗೆ ಬೇರೆ. ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಒಂದರ ಪಕ್ಕ ಒಂದರಂತೆ ಸಾವಿರಕ್ಕೂ ಹೆಚ್ಚು ಮರಳಿನ ಏರಿಗಳು, ಉತ್ತ ಹೊಲದ ಸಾಲುಗಳಂತೆ, ಸಮಾನಾಂತರವಾಗಿ ಸಾಗಿವೆ. ಕೆಲವು ಏರಿಗಳು ಎರಡು ನೂರು ಕಿಲೋಮೀಟರುಗಳಷ್ಟು ಉದ್ದ. ಮರಳಿನ ಕಣಗಳಿಗೆ ಕಬ್ಬಿಣದ ತುಕ್ಕಿನ ಲೇಪವಿರುವುದರಿಂದ ಬಣ್ಣ ಕೆಂಪು. ಬರ್ಡ್ಸ್‌ವಿಲ್‌ನಿಂದ ಸುಮಾರು 35 ಕಿ.ಮೀ. ದೂರದಲ್ಲಿ ಸುಮಾರು 40 ಮೀಟರ್ ಎತ್ತರದ ಒಂದು ಏರಿಯಿದೆ; ಜನ ಅದನ್ನು ‘ಬಿಗ್ ರೆಡ್’ ಎನ್ನುತ್ತಾರೆ. ಏರಿಗಳ ಉದ್ದಕ್ಕೆ ನಡೆಯುವವನಿಗೆ ದಾರಿ ಸುಲಭ, ಅಡ್ಡ ದಾಟುವವನಿಗೆ ಸಾವಿರ ಸಲ ಹತ್ತಿ ಇಳಿಯುವ ಶ್ರಮ. ಒಂದು ಊರು ಮರುಭೂಮಿಯ ಯಾವ ಬದಿಯಲ್ಲಿದೆ ಎಂಬುದಕ್ಕೆ ಅಷ್ಟು ಮಹತ್ವ ಬರುವುದು ಈ ಕಾರಣದಿಂದಲೇ.

ಈ ಮರುಭೂಮಿಗೆ ಸಿಂಪ್ಸನ್ ಎಂಬ ಹೆಸರು ಬಂದ ಬಗೆ ಸ್ವಾರಸ್ಯಕರವಾಗಿದೆ. 1929ರಲ್ಲಿ ಸೆಸಿಲ್ ಮ್ಯಾಡಿಗನ್ ಎಂಬ ಭೂವಿಜ್ಞಾನಿ ವಿಮಾನದಲ್ಲಿ ಕುಳಿತು ಇದನ್ನು ಸಮೀಕ್ಷಿಸಿದರು. ಅದಕ್ಕೆ ನೆರವಾದವರು ಭೂಗೋಳ ಸಂಘದ ದಕ್ಷಿಣ ಆಸ್ಟ್ರೇಲಿಯಾ ಶಾಖೆಯ ಅಧ್ಯಕ್ಷರೂ ಮನೆಬಳಕೆಯ ಲೋಹದ ಸಾಮಾನುಗಳ ಕಾರ್ಖಾನೆಯ ಒಡೆಯರೂ ಆಗಿದ್ದ ಆಲ್ಫ್ರೆಡ್ ಅಲೆನ್ ಸಿಂಪ್ಸನ್. ಒಂದೂ ಏರಿಯನ್ನು ಹತ್ತದವರ ಹೆಸರು ಸಾವಿರ ಏರಿಗಳಿಗೆ ನಿಂತಿತು. ಪಕ್ಕದ ನದಿಯ ಹೆಸರೂ ಅಂಥದೇ. ಕ್ವೀನ್ಸ್‌ಲ್ಯಾಂಡಿನ ಮೊದಲ ಗವರ್ನರರ ಪತ್ನಿ ಡಯಮಂಟೀನ, ಗ್ರೀಸಿನ ದ್ವೀಪವೊಂದರಲ್ಲಿ ಹುಟ್ಟಿದ ಶ್ರೀಮಂತ ಮನೆತನದ ಹೆಣ್ಣುಮಗಳು. ಆಕೆಯ ಹೆಸರು ಈ ಒಣನದಿಗೆ.

ಒಣನದಿ ಎಂದೆನಾದರೂ ಅದು ಅರ್ಧ ಸತ್ಯ. ಡಯಮಂಟೀನ ಹರಿದು ಸಮುದ್ರ ಸೇರುವ ನದಿಯಲ್ಲ. ಉತ್ತರದಲ್ಲಿ ನೂರಾರು ಕಿಲೋಮೀಟರು ದೂರದಲ್ಲಿ ಮುಂಗಾರಿನ ಮಳೆ ಜೋರಾದಾಗ ಆ ನೀರು ದಕ್ಷಿಣಕ್ಕೆ ಹೊರಡುತ್ತದೆ. ನೆಲಕ್ಕೆ ಇಳಿಜಾರೇ ಇಲ್ಲವೆನ್ನಬೇಕು. ಹೀಗಾಗಿ ನದಿ ಒಂದೇ ಪಾತ್ರದಲ್ಲಿ ಹರಿಯದೆ ಹತ್ತಾರು ಕಾಲುವೆಗಳಾಗಿ ಹೆಣೆದುಕೊಂಡು ಹಲವು ಕಿಲೋಮೀಟರು ಅಗಲಕ್ಕೆ ಹರಡುತ್ತದೆ. ನೀರು ವಾರಗಟ್ಟಲೆ ತೆವಳುತ್ತಾ ಬಂದು, ತನ್ನ ನೆತ್ತಿಯ ಮೇಲೆ ಒಂದು ಹನಿಯೂ ಬೀಳದ ಬರ್ಡ್ಸ್‌ವಿಲ್ ಅನ್ನು ದ್ವೀಪವಾಗಿಸುತ್ತದೆ. ಆಕಾಶ ನಿರ್ಮಲ, ನೆಲದಲ್ಲಿ ನೆರೆ. 2025ರ ಮಾರ್ಚ್–ಏಪ್ರಿಲ್‌ನಲ್ಲಿ ಪಶ್ಚಿಮ ಕ್ವೀನ್ಸ್‌ಲ್ಯಾಂಡ್ ಅಂಥದೊಂದು ಮಹಾಪೂರವನ್ನು ಕಂಡಿತು. ಮಿಕ್ಕ ನೀರು ಮುಂದಕ್ಕೆ ಸಾಗಿ, ಸಮುದ್ರಮಟ್ಟಕ್ಕಿಂತ 15 ಮೀಟರ್ ತಗ್ಗಿನಲ್ಲಿರುವ ಐರ್ ಸರೋವರವನ್ನು ಸೇರುತ್ತದೆ. ನೆರೆ ಇಳಿದ ಮೇಲೆ ಆ ಬಯಲಿನಲ್ಲಿ ಹುಲ್ಲು ಏಳುತ್ತದೆ, ದನ ಕೊಬ್ಬುತ್ತವೆ. ಈ ಊರಿನ ಆರ್ಥಿಕತೆಗೆ ಅದೇ ಮೂಲ ಬಂಡವಾಳ.

ಕುಡಿಯುವ ನೀರಿನ ಕಥೆ ಬೇರೆ. ಆಸ್ಟ್ರೇಲಿಯಾದ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿನ ನೆಲದಡಿಯಲ್ಲಿ, ಸುಮಾರು 17 ಲಕ್ಷ ಚದರ ಕಿಲೋಮೀಟರು ಹರವಿನಲ್ಲಿ, ‘ಗ್ರೇಟ್ ಆರ್ಟೀಸಿಯನ್ ಬೇಸಿನ್’ ಎಂಬ ಅಂತರ್ಜಲದ ಕೊಪ್ಪರಿಗೆ ಇದೆ. ಪೂರ್ವದ ಬೆಟ್ಟಸಾಲಿನಲ್ಲಿ ಬಿದ್ದ ಮಳೆ ಮರಳುಗಲ್ಲಿನ ಪದರಗಳೊಳಗೆ ಇಂಗಿ, ಲಕ್ಷಾಂತರ ವರ್ಷಗಳ ಕಾಲ ನಿಧಾನವಾಗಿ ಪಶ್ಚಿಮಕ್ಕೆ ಸರಿದಿದೆ. ಬರ್ಡ್ಸ್‌ವಿಲ್‌ನ ಕೊಳವೆಬಾವಿ ಒಂದು ಕಿಲೋಮೀಟರಿಗೂ ಹೆಚ್ಚು ಆಳದ್ದು. ಪಂಪು ಬೇಡ, ಒತ್ತಡದಿಂದ ನೀರು ತಾನೇ ಚಿಮ್ಮುತ್ತದೆ. ಆದರೆ ಅದರ ಉಷ್ಣತೆ 98 ಡಿಗ್ರಿ! ಕುದಿಯುವುದಕ್ಕೆ ಎರಡು ಡಿಗ್ರಿ ಕಡಿಮೆ. ಅದನ್ನು ಕೊಳಗಳಲ್ಲಿ ಆರಿಸಿ ಮನೆಗಳಿಗೆ ಬಿಡುತ್ತಾರೆ. ನಾವು ಸ್ನಾನಕ್ಕೆ ನೀರು ಕಾಯಿಸುತ್ತೇವೆ, ಅವರು ಆರಿಸುತ್ತಾರೆ. ಆ ಬಿಸಿನೀರಿನ ಶಾಖದಿಂದಲೇ 1992ರಿಂದ 2018ರವರೆಗೆ ಅಲ್ಲಿ ಒಂದು ಪುಟ್ಟ ಭೂಶಾಖ ವಿದ್ಯುತ್ ಘಟಕವೂ ನಡೆಯಿತು. ಸುಮಾರು 80 ಕಿಲೋವ್ಯಾಟ್ ಉತ್ಪಾದನೆ. ನಮ್ಮ ಲೆಕ್ಕಕ್ಕೆ ಒಂದು ಅಕ್ಕಿ ಗಿರಣಿ ನಡೆಸುವಷ್ಟು.

ಇಂಥ ಜಾಗದಲ್ಲಿ ಊರು ಹುಟ್ಟಿದ್ದಾದರೂ ಏಕೆ? ಬೆಂಗಳೂರಿನಲ್ಲಿ ಇರುವವರಿಗೆ ಸುಂಕದಕಟ್ಟೆ ಎಂಬ ಹೆಸರು ಗೊತ್ತು. ಬರ್ಡ್ಸ್‌ವಿಲ್ ಮೂಲತಃ ಒಂದು ಸುಂಕದಕಟ್ಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ವೀನ್ಸ್‌ಲ್ಯಾಂಡ್ ಮತ್ತು ದಕ್ಷಿಣ ಆಸ್ಟ್ರೇಲಿಯಾ ಬೇರೆ ಬೇರೆ ವಸಾಹತುಗಳಾಗಿದ್ದವು. ದನದ ಹಿಂಡುಗಳು ನದಿ ದಾಟಿ ದಕ್ಷಿಣದ ರೈಲುನಿಲ್ದಾಣದತ್ತ ಹೋಗುವಾಗ ಗಡಿಯಲ್ಲಿ ಸುಂಕ ಕೊಡಬೇಕಿತ್ತು. ಊರಿಗೆ ಆಗ ‘ಡಯಮಂಟೀನ ಕ್ರಾಸಿಂಗ್’ ಎಂದು ಹೆಸರು; ‘ಡಯಮಂಟೀನದ ಕಡವು’ ಎಂದು ನಾವು ಹೇಳಬಹುದು. 1884ರಲ್ಲಿ ಕಟ್ಟಿದ ಹೋಟೆಲು ಬೆಂಕಿ, ಬಿರುಗಾಳಿ ಎಲ್ಲವನ್ನೂ ಕಂಡು ಇಂದಿಗೂ ನಡೆಯುತ್ತಿದೆ. ಶತಮಾನದ ಕೊನೆಯ ಹೊತ್ತಿಗೆ ಸುಮಾರು 300 ಜನ, ಮೂರು ಹೋಟೆಲು, ಅಂಗಡಿಗಳು, ಸುಂಕದ ಕಚೇರಿ. 1901ರಲ್ಲಿ ವಸಾಹತುಗಳೆಲ್ಲ ಒಂದೇ ಒಕ್ಕೂಟವಾದವು, ಒಳಗಡಿಯ ಸುಂಕ ರದ್ದಾಯಿತು. ಮಳೆ ಕೈಕೊಟ್ಟದ್ದರಿಂದಲ್ಲ, ಬಾವಿ ಬತ್ತಿದ್ದರಿಂದಲೂ ಅಲ್ಲ, ದೂರದ ನಗರದಲ್ಲಿ ಒಂದು ಕಾನೂನು ಬದಲಾದದ್ದರಿಂದ ಊರು ಬಡವಾಯಿತು. 1950ರ ದಶಕದ ಹೊತ್ತಿಗೆ ಉಳಿದವರು ಐವತ್ತರ ಆಸುಪಾಸು. ಹಳ್ಳಿಗಳು ಖಾಲಿಯಾಗುವುದಕ್ಕೆ ಪ್ರಕೃತಿಯನ್ನೇ ದೂರುವ ಪಾಠಪುಸ್ತಕಗಳನ್ನು ಓದುವಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

300 ಎಂದು ಬರೆದೆ. ಆ ಎಣಿಕೆಯಲ್ಲಿ ಯಾರು ಇದ್ದರು, ಯಾರು ಇರಲಿಲ್ಲ ಎಂಬುದನ್ನೂ ಕೇಳಬೇಕಲ್ಲವೆ? ಮರಳಿನ ಏರಿಗಳ ನಡುವೆ ಸಾವಿರಾರು ವರ್ಷಗಳಿಂದ ಬಾಳಿದವರು ವಾಂಗ್ಕಂಗುರು ಜನ. ಏರಿಗಳ ನಡುವಣ ತಗ್ಗಿನಲ್ಲಿ ಅವರು ‘ಮಿಕಿರಿ’ ಎಂಬ ಕಿರಿದಾದ ಬಾವಿಗಳನ್ನು ತೋಡಿಕೊಂಡಿದ್ದರು. ನಮ್ಮ ಹಳ್ಳಿಯವರು ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ತೋಡುವ ಒರತೆಯನ್ನು ನೆನೆದುಕೊಂಡರೆ ಅದರ ರೀತಿ ತಿಳಿಯುತ್ತದೆ. ಒಬ್ಬ ಆಳು ಇಳಿಯುವಷ್ಟು ಸುರಂಗ, ತಳದಲ್ಲಿ ಸ್ವಲ್ಪ ನೀರು. ಎಲ್ಲಿ ಯಾವ ಮಿಕಿರಿ ಇದೆ ಎಂಬುದು ಹಾಡು, ಕಥೆಗಳಲ್ಲಿ ಅಡಗಿ ಕಂಠಸ್ಥವಾಗಿತ್ತು. 1886ರಲ್ಲಿ ಡೇವಿಡ್ ಲಿಂಡ್ಸೆ ಎಂಬ ಭೂಮಾಪಕ ಈ ಬಾವಿಗಳನ್ನು ಕಂಡದ್ದು ವಾಂಗ್ಕಂಗುರು ಮಾರ್ಗದರ್ಶಕನೊಬ್ಬನ ಹಿಂದೆ ನಡೆದು. 1900ರ ಸುಮಾರಿಗೆ ಆ ಜನರು ಮರಳುಗಾಡನ್ನು ಬಿಟ್ಟು ಅಂಚಿನ ದನದ ಠಾಣೆಗಳಿಗೂ ಊರುಗಳಿಗೂ ಬಂದು ಸೇರಿದರು. ಭಾಷಾವಿಜ್ಞಾನಿ ಲೂಯಿಸ್ ಹರ್ಕಸ್ ಅವರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅವರ ಹಿರಿಯರ ಬಳಿ ಕುಳಿತು ನುಡಿಯನ್ನೂ ಬಾವಿಗಳ ಕಥನವನ್ನೂ ದಾಖಲಿಸದೆ ಇದ್ದಿದ್ದರೆ ಅದರಲ್ಲಿ ಬಹುಪಾಲು ನಮಗೆ ದೊರೆಯುತ್ತಿರಲಿಲ್ಲ.

1901ರಲ್ಲಿ ಜಾರಿಗೆ ಬಂದ ಆಸ್ಟ್ರೇಲಿಯಾದ ಸಂವಿಧಾನದ 127ನೆಯ ವಿಧಿ, ದೇಶದ ಜನಸಂಖ್ಯೆಯನ್ನು ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಸೇರಿಸಕೂಡದು ಎಂದು ವಿಧಿಸಿತ್ತು. 1967ರ ಮೇ 27ರ ಜನಮತಗಣನೆಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಮತಗಳಿಂದ ಅದನ್ನು ತೆಗೆದುಹಾಕುವವರೆಗೆ ಆ ನಿಯಮ ಉಳಿಯಿತು. ಎಂದರೆ, ಅರವತ್ತಾರು ವರ್ಷಗಳ ಕಾಲ ಒಂದು ದೇಶದ ಅಧಿಕೃತ ಜನಸಂಖ್ಯೆಯಲ್ಲಿ ಆ ನೆಲದ ಮೊದಲ ಮಕ್ಕಳೇ ಇರಲಿಲ್ಲ. ಸುಂಕದ ಕಟ್ಟೆಯನ್ನು ಮುಚ್ಚಿಸಿದ ಸಂವಿಧಾನವೇ ಇವರನ್ನೂ ಪಟ್ಟಿಯಿಂದ ಹೊರಗಿಟ್ಟಿತು. ಜನಸಂಖ್ಯೆ ಎಂಬುದು ತಕ್ಕಡಿಯಲ್ಲಿ ತೂಗಿದ ಅಕ್ಕಿಯಂತಲ್ಲ. ಯಾರನ್ನು ಎಣಿಸಬೇಕೆಂದು ಯಾರೋ ಮೊದಲೇ ತೀರ್ಮಾನಿಸಿರುತ್ತಾರೆ. ಅಂಥ ಅಂಕಿಯನ್ನು ಹಿಡಿದುಕೊಂಡು ಒಂದು ಊರಿಗೆ ಏನು ಸಲ್ಲಬೇಕೆಂದು ನಿರ್ಣಯಿಸುವವರ ಬಗ್ಗೆ ನನಗೆ ಅನುಮಾನ ಹುಟ್ಟುವುದು ಇಲ್ಲಿಂದಲೇ.

ಎಣಿಕೆಯ ಅಂಚಿನಲ್ಲಿ ಉಳಿದ ಇನ್ನೊಂದು ವರ್ಗದವರು ನಮ್ಮ ಕಡೆಯವರೇ. ರೈಲು, ಲಾರಿಗಳು ಬರುವ ಮುನ್ನ ಈ ಒಳನಾಡಿಗೆ ಹಿಟ್ಟು, ಸಕ್ಕರೆ, ತಗಡು, ತಂತಿ ತಂದದ್ದು ಒಂಟೆಗಳು. ಒಂಟೆಗಳೊಡನೆ ಅವನ್ನು ನಡೆಸುವವರನ್ನೂ ಕರಾಚಿ ಬಂದರಿನಿಂದ ಹಡಗಿನಲ್ಲಿ ಕರೆತಂದರು. 1860ರ ಬರ್ಕ್ ಮತ್ತು ವಿಲ್ಸ್ ಯಾತ್ರೆಗೆ ಮೊದಲ ದೊಡ್ಡ ತಂಡ ಬಂತು. ಆಸ್ಟ್ರೇಲಿಯಾದವರು ಅವರೆಲ್ಲರನ್ನೂ ಸಾರಾಸಗಟಾಗಿ ‘ಅಫ್ಘಾನರು’ ಎಂದು ಕರೆದರೂ ಅವರಲ್ಲಿ ಬಲೂಚಿಗಳು, ಸಿಂಧಿಗಳು, ಪಂಜಾಬಿಗಳು, ರಾಜಸ್ಥಾನದವರು ಇದ್ದರು. ಬರ್ಡ್ಸ್‌ವಿಲ್‌ನಿಂದ ದಕ್ಷಿಣಕ್ಕೆ 517 ಕಿ.ಮೀ. ದಾರಿಯ ಇನ್ನೊಂದು ತುದಿಯಲ್ಲಿರುವ ಮರೀ ಎಂಬ ಊರಿನಲ್ಲಿ ಅವರು ನೆಲೆಸಿ ಮಣ್ಣಿನ ಪುಟ್ಟ ಮಸೀದಿಯನ್ನೂ ಕಟ್ಟಿಕೊಂಡರು. ಬಲೂಚಿಸ್ತಾನದಲ್ಲಿ ಹುಟ್ಟಿ ಅಂದಿನ ಬ್ರಿಟಿಷ್ ಭಾರತದ ಸೇನೆಯಲ್ಲಿದ್ದ ಬೆಜಾ ದರ್ವೇಶ್ ಅವರಲ್ಲಿ ಪ್ರಸಿದ್ಧರು. ವಿಮಾನದಿಂದ ಸಮೀಕ್ಷಿಸಿದ ಮ್ಯಾಡಿಗನ್ 1939ರಲ್ಲಿ ಮರುಭೂಮಿಯನ್ನು ನೆಲದ ಮೇಲೆ ದಾಟಿ ಬರ್ಡ್ಸ್‌ವಿಲ್ ತಲುಪಿದಾಗ ಒಂಟೆಗಳ ಹೊಣೆ ಹೊತ್ತವರು ಈ ಬೆಜಾ ಅವರ ಮಗ ಜ್ಯಾಕ್. ಅದಕ್ಕೂ ಮೊದಲು, 1936ರಲ್ಲಿ, ಟೆಡ್ ಕೋಲ್ಸನ್ ಎಂಬಾತ ಈ ಮರುಭೂಮಿಯನ್ನು ದಾಟಿದ ಮೊದಲ ಬಿಳಿಯನೆಂದು ಪುಸ್ತಕಗಳು ಹೇಳುತ್ತವೆ. ಆತನ ಜೊತೆ ಹೆಜ್ಜೆಗೆ ಹೆಜ್ಜೆ ಹಾಕಿದವರು ಪೀಟರ್ ಐನ್ಸ್ ಎಂಬ ಮೂಲನಿವಾಸಿ. ಮೊದಲಿಗ ಎಂಬ ಪದ ಯಾರಿಗೆ ಸಲ್ಲುತ್ತದೆ ಎಂಬುದೂ ಎಣಿಕೆಯ ವಿಷಯವೇ.

ಈಗ ಸೌಲಭ್ಯಗಳ ಮಾತಿಗೆ ಬರುತ್ತೇನೆ. ಊರಿನಲ್ಲಿ ಜನ ಕಡಿಮೆಯಾಗುತ್ತಿದ್ದ ಕಾಲದಲ್ಲೇ, 1923ರಲ್ಲಿ, ಜಾನ್ ಫ್ಲಿನ್ ಎಂಬ ಪಾದ್ರಿ ಸ್ಥಾಪಿಸಿದ್ದ ಆಸ್ಟ್ರೇಲಿಯನ್ ಇನ್‌ಲ್ಯಾಂಡ್ ಮಿಷನ್ ಬರ್ಡ್ಸ್‌ವಿಲ್‌ನ ಹಳೆಯ ಹೋಟೆಲು ಕಟ್ಟಡವೊಂದನ್ನು ಹಿಡಿದು ದಾದಿಯರ ಆಸ್ಪತ್ರೆ ತೆರೆಯಿತು. ಜನ ಹೆಚ್ಚಲಿ, ಆಮೇಲೆ ನೋಡೋಣ ಎಂದು ಅವರು ಹೇಳಲಿಲ್ಲ. ಅದೇ ಫ್ಲಿನ್ 1928ರಲ್ಲಿ ಕ್ಲಾನ್‌ಕರಿ ಎಂಬಲ್ಲಿಂದ ವೈದ್ಯರನ್ನು ವಿಮಾನದಲ್ಲಿ ಕಳುಹಿಸುವ ಸೇವೆ ಆರಂಭಿಸಿದರು. ಆದರೆ ರೋಗಿ ಇದ್ದಾನೆಂದು ವೈದ್ಯನಿಗೆ ತಿಳಿಸುವುದು ಹೇಗೆ? ಆಲ್ಫ್ರೆಡ್ ಟ್ರೇಗರ್ ಎಂಬ ತಂತ್ರಜ್ಞ ಕಾಲಿನಿಂದ ತುಳಿದು ವಿದ್ಯುತ್ ಹುಟ್ಟಿಸುವ ರೇಡಿಯೊ ರೂಪಿಸಿದರು. ಹೊಲಿಗೆ ಯಂತ್ರ ತುಳಿಯುವಂತೆ ತುಳಿಯುತ್ತ ಗೃಹಿಣಿಯೊಬ್ಬಳು ನಾಲ್ಕು ನೂರು ಕಿಲೋಮೀಟರು ದೂರದ ವೈದ್ಯನೊಡನೆ ಮಾತನಾಡಬಹುದಾಯಿತು. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಅದೇ ರೇಡಿಯೊ ಜಾಲದ ಮೇಲೆ ಆಕಾಶಮಾರ್ಗದ ಶಾಲೆ, ‘ಸ್ಕೂಲ್ ಆಫ್ ದಿ ಏರ್’, ಆರಂಭವಾಯಿತು. ಕೋವಿಡ್ ಕಾಲದಲ್ಲಿ ಮೊಬೈಲ್ ಹಿಡಿದು ಪಾಠ ಮಾಡಲು ಪರದಾಡಿದ ನನ್ನ ಶಿಷ್ಯ-ಶಿಕ್ಷಕರು ಈ ಇಸವಿಯನ್ನು ಗಮನಿಸಬೇಕು.

ಅಂಚೆಯ ಕಥೆ ಇನ್ನೂ ಸೊಗಸು. 1936ರಿಂದ ಸುಮಾರು ಎರಡು ದಶಕ ಮರೀ–ಬರ್ಡ್ಸ್‌ವಿಲ್ ದಾರಿಯಲ್ಲಿ ಲಾರಿಯ ಮೇಲೆ ಅಂಚೆ ಸಾಗಿಸಿದವರು ಟಾಮ್ ಕ್ರೂಸ್. (ಸಿನಿಮಾದವರಲ್ಲ!) ಮರಳಿನಲ್ಲಿ ಚಕ್ರ ಹೂತರೆ ಕಬ್ಬಿಣದ ಹಲಗೆ ಹಾಸುವುದು, ಕಾಲುವೆ ಉಕ್ಕಿದರೆ ದೋಣಿಗೆ ಹೇರುವುದು, ಲಾರಿ ಮುರಿದರೆ ಅಲ್ಲಿಯೇ ರಿಪೇರಿ. 1954ರ ‘ದಿ ಬ್ಯಾಕ್ ಆಫ್ ಬಿಯಾಂಡ್’ ಎಂಬ ಸಾಕ್ಷ್ಯಚಿತ್ರ ಅವರನ್ನು ಕುರಿತದ್ದು. ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ಉನ್ನತ ಪ್ರಶಸ್ತಿ ಬಂತು. ಅದೇ ದಾರಿಯಲ್ಲಿ 1963ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಿಂದ ವಲಸೆ ಬಂದಿದ್ದ ಒಂದು ಕುಟುಂಬದ ಐವರು, ಕಾರಿನಲ್ಲಿ ಇಂಧನ ಮುಗಿದು ಬಾಯಾರಿ ಸತ್ತರು. ಆ ದಾರಿಯ ಎರಡು ತುದಿಗಳಲ್ಲಿ ಊರು ಇರುವುದು ಅಲ್ಲಿ ವಾಸಿಸುವವರಿಗೆ ಮಾತ್ರವಲ್ಲ, ಹಾದುಹೋಗುವವರಿಗೂ ಬೇಕು.

ಹಾದುಹೋಗುವವರೂ ಕಡಿಮೆಯಲ್ಲ. 1882ರಲ್ಲಿ ಆರಂಭವಾದ ಕುದುರೆ ಜೂಜು ಪ್ರತಿ ಸೆಪ್ಟೆಂಬರಿನಲ್ಲಿ ನಡೆಯುವಾಗ ಸಾವಿರಾರು ಮಂದಿ ಅಲ್ಲಿಗೆ ಬಂದು ಸೇರುತ್ತಾರೆ. ನಮ್ಮ ಜಾತ್ರೆಯ ಹಾಗೆ; ಮೂರು ದಿನ ಗದ್ದಲ, ನಾಲ್ಕನೆಯ ದಿನ ಧೂಳು. ಅದರಿಂದ ಬರುವ ಹಣದಲ್ಲಿ ಒಂದಂಶ ವಿಮಾನವೈದ್ಯರ ಸೇವೆಗೆ ಸಲ್ಲುತ್ತದೆ. ಆದರೆ ಗಣತಿಯಲ್ಲಿ ಪ್ರವಾಸಿಗಳು ತಮ್ಮ ತಮ್ಮ ಮನೆಯ ಊರಿನ ಲೆಕ್ಕಕ್ಕೆ ಹೋಗುವರು. ಬರ್ಡ್ಸ್‌ವಿಲ್‌ನ ಪಾಲಿಗೆ ಉಳಿಯುವುದು 110.

ಈ 110 ಮಂದಿಗೆ ಇಂದು ಬೆರಳೆಣಿಕೆಯ ಮಕ್ಕಳ ಒಂದು ಪ್ರಾಥಮಿಕ ಶಾಲೆ, ದಾದಿಯರು ನಡೆಸುವ ಆರೋಗ್ಯ ಕೇಂದ್ರ, ಆಗಾಗ ಹಾರಿ ಬರುವ ವೈದ್ಯರು, ಸರ್ಕಾರದ ಧನಸಹಾಯದಿಂದ ಹಾರುವ ವಿಮಾನ ಇವೆ. ಪ್ರೌಢಶಿಕ್ಷಣಕ್ಕೆ ಮಕ್ಕಳು ದೂರಶಿಕ್ಷಣ ಹಿಡಿಯಬೇಕು, ಇಲ್ಲವೆ ದೂರದ ವಸತಿಶಾಲೆಗೆ ಹೋಗಬೇಕು. ತಲೆಯೊಂದಕ್ಕೆ ತಗಲುವ ಖರ್ಚು ನಗರಕ್ಕಿಂತ ಹಲವು ಪಟ್ಟು ಹೆಚ್ಚೆಂಬುದು ನಿಜ. ಲೆಕ್ಕದ ಮೇಷ್ಟರೊಬ್ಬರು ಇದನ್ನು ಓದಿದರೆ, ಅದೇ ಹಣದಲ್ಲಿ ನಗರದಲ್ಲಿ ಎಷ್ಟು ಮಕ್ಕಳಿಗೆ ಕಲಿಸಬಹುದಿತ್ತು ಎಂದು ಕೇಳುತ್ತಾರೆ. ಹುಡುಗಾಟದ ಪ್ರಶ್ನೆಯಲ್ಲ ಅದು. ತೆರಿಗೆ ಕೊಡುವವರು ಕೇಳಲು ಹಕ್ಕುಳ್ಳ ಪ್ರಶ್ನೆ.

ನನ್ನ ಉತ್ತರ ಇಷ್ಟು. ನಗರದ ಬೀದಿಯಲ್ಲಿ ಒಂದು ಆಸ್ಪತ್ರೆ ಮುಚ್ಚಿದರೆ ರೋಗಿ ಪಕ್ಕದ ಬೀದಿಗೆ ಹೋಗುತ್ತಾನೆ; ಅವನಿಗೆ ಆಗುವ ನಷ್ಟ ಆಟೋ ಬಾಡಿಗೆ. ಬರ್ಡ್ಸ್‌ವಿಲ್‌ನಲ್ಲಿ ಮುಚ್ಚಿದರೆ ಮುಂದಿನ ಊರು ಬೆಡೂರಿ, ಸುಮಾರು 190 ಕಿ.ಮೀ. ದೂರ, ನಡುವೆ ನೆರೆ ಬಂದರೆ ಅದೂ ಇಲ್ಲ. ಜನ ವಿರಳವಾದಷ್ಟೂ ಒಬ್ಬರಿಗೊಬ್ಬರು ಆಗುವ ಸಾಧ್ಯತೆ ಕಡಿಮೆಯಾಗುತ್ತದೆ, ಸರ್ಕಾರದ ಅವಶ್ಯಕತೆ ಹೆಚ್ಚುತ್ತದೆ. ತಲಾವಾರು ಲೆಕ್ಕ ಈ ಸಂಬಂಧವನ್ನು ತಲೆಕೆಳಗು ಮಾಡುತ್ತದೆ. ಒಂದು ಸೇವೆಯ ಬೆಲೆಯನ್ನು ಎಷ್ಟು ತಲೆಗಳಿಗೆ ಹಂಚಿದೆವು ಎಂದು ನೋಡುವ ಬದಲು, ಅದು ಇಲ್ಲವಾದರೆ ಒಬ್ಬನು ಎಷ್ಟು ದೂರ ನಡೆಯಬೇಕು ಎಂದು ನೋಡಬೇಕು. ಛೇದದಲ್ಲಿ ಜನಸಂಖ್ಯೆಯ ಬದಲು ಕಿಲೋಮೀಟರು ಇಟ್ಟು ಭಾಗಿಸಿದರೆ ಬರ್ಡ್ಸ್‌ವಿಲ್‌ನ ಶಾಲೆ ಅತ್ಯಂತ ಅಗ್ಗದ ಶಾಲೆಗಳಲ್ಲಿ ಒಂದಾಗುತ್ತದೆ.

ಹಾಗಾದರೆ ಆ ಜನರೇ ಅಲ್ಲಿಂದ ಎದ್ದು ಬರಲಿ ಎನ್ನುವವರೂ ಇದ್ದಾರೆ. ಈ ಮಾತನ್ನು ಯಾರಿಗೆ ಹೇಳಲಾಗುತ್ತದೆ, ಯಾರಿಗೆ ಹೇಳುವುದಿಲ್ಲ ಎಂಬುದನ್ನು ಗಮನಿಸಿರಿ. 2014ರ ನವೆಂಬರಿನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಪ್ರಧಾನರು ತಮ್ಮ ರಾಜ್ಯದ 274 ದೂರದ ಮೂಲನಿವಾಸಿ ಹಳ್ಳಿಗಳಲ್ಲಿ 150ರವರೆಗೂ ಮುಚ್ಚಬೇಕಾದೀತು ಎಂದರು. ಸೇವೆಗಳ ಖರ್ಚು ಭರಿಸಲಾಗದೆಂಬುದು ಕಾರಣ. 2015ರ ಮಾರ್ಚಿನಲ್ಲಿ ಅಂದಿನ ಪ್ರಧಾನಮಂತ್ರಿ ಟೋನಿ ಅಬಟ್, ಅಂಥ ಕಡೆ ವಾಸಿಸುವುದು ಬದುಕಿನ ಶೈಲಿಯ ಆಯ್ಕೆಯೆಂದೂ ಅದಕ್ಕೆ ತೆರಿಗೆದಾರರು ಕೊನೆಯಿಲ್ಲದೆ ಹಣ ಕೊಡಲಾಗದೆಂದೂ ಅರ್ಥ ಬರುವ ಮಾತನ್ನಾಡಿದರು. ದೇಶದ ಉದ್ದಗಲಕ್ಕೂ ಪ್ರತಿಭಟನೆಗಳಾದವು. ಬೇರೆ ರಾಜ್ಯ, ಬೇರೆ ಸರ್ಕಾರ ಎಂಬುದನ್ನು ಒಪ್ಪುತ್ತೇನೆ. ಆದರೂ, ಹೋಟೆಲು ಮತ್ತು ಕುದುರೆ ಜೂಜು ಇರುವ ಮರುಭೂಮಿಯ ಊರು ದೇಶದ ಹೆಮ್ಮೆ ಎನಿಸಿಕೊಂಡು, ತಲೆಮಾರುಗಳಿಂದ ಅಲ್ಲೇ ಇರುವವರ ಊರು ಹೊರೆ ಎನಿಸಿಕೊಳ್ಳುವುದಾದರೆ, ಅಲ್ಲಿ ತೂಗುತ್ತಿರುವುದು ಖರ್ಚೊಂದನ್ನೇ ಅಲ್ಲ. ಪೀಳಿಗೆಗಳಿಂದ ಬಾಳಿದ ಮಣ್ಣಿನಲ್ಲಿ ಉಳಿಯುವುದನ್ನು ಆಯ್ಕೆ ಎಂದು ಕರೆಯುವುದು ನನಗಂತೂ ಒಪ್ಪಿಗೆಯಿಲ್ಲ. ನಗರದಲ್ಲಿ ವಾಸಿಸುವುದೂ ಹಾಗಿದ್ದರೆ ಒಂದು ಆಯ್ಕೆಯೇ; ಅದರ ಮೇಲ್ಸೇತುವೆಗಳ ಖರ್ಚನ್ನು ಯಾರೂ ತಲಾವಾರು ಕೇಳುವುದಿಲ್ಲ.

ನಮ್ಮ ನಾಡಿನಲ್ಲಿ ಈ ವಿಷಯ ಮರುಭೂಮಿಯ ವೇಷದಲ್ಲಿ ಬರುವುದಿಲ್ಲ, ಮಳೆಗಾಡಿನ ವೇಷದಲ್ಲಿ ಬರುತ್ತದೆ. ರಾಜ್ಯದಲ್ಲಿ ಅತ್ಯಂತ ವಿರಳ ಜನವಸತಿಯ ತಾಲ್ಲೂಕುಗಳಲ್ಲಿ ಒಂದಾದ ಜೋಯಿಡಾದಲ್ಲಾಗಲಿ, ಶರಾವತಿ ಹಿನ್ನೀರಿನ ಅಂಚಿನಲ್ಲಾಗಲಿ ನಾಲ್ಕು ಮನೆಗೆ ಒಂದು ಊರು. ಮಕ್ಕಳ ಸಂಖ್ಯೆ ಹತ್ತಕ್ಕಿಂತ ಇಳಿದ ಶಾಲೆಗಳನ್ನು ಹತ್ತಿರದ ಶಾಲೆಯೊಡನೆ ಸೇರಿಸುವ ಮಾತು ಮತ್ತೆ ಮತ್ತೆ ಏಳುತ್ತದೆ. ‘ಹತ್ತಿರದ’ ಎಂಬ ಪದವನ್ನು ಬರೆಯುವವರು ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಬರೆಯುತ್ತಾರೆ. ನಕ್ಷೆಯಲ್ಲಿ ಒಂದೂವರೆ ಕಿಲೋಮೀಟರು ಇರುವ ಶಾಲೆ ಆಷಾಢದಲ್ಲಿ ಕಾಲುಸಂಕ ಕೊಚ್ಚಿಹೋದ ಮೇಲೆ ಎಷ್ಟು ದೂರವಾಗುತ್ತದೆ ಎಂಬುದು ಏಳು ವರ್ಷದ ಮಗುವಿಗೆ ಗೊತ್ತು. ದೊಡ್ಡ ಶಾಲೆಯಲ್ಲಿ ಓರಗೆಯವರು ಸಿಗುತ್ತಾರೆ, ವಿಷಯಕ್ಕೊಬ್ಬ ಶಿಕ್ಷಕರಿರುತ್ತಾರೆ, ಆಟಕ್ಕೆ ಜೊತೆಯಿರುತ್ತದೆ ಎಂಬ ವಾದದಲ್ಲಿ ತಥ್ಯವಿದೆ. ಬಯಲುಸೀಮೆಯಲ್ಲಿ, ಬಸ್ಸು ಇರುವ ಕಡೆ, ನಾನೂ ಅದನ್ನು ಬೆಂಬಲಿಸಿಯೇನು. ಬಸ್ಸು ಮೊದಲು ಬರಲಿ, ವಿಲೀನ ಆಮೇಲೆ ಆಗಲಿ. ಆ ಕ್ರಮವನ್ನು ತಿರುವುಮುರುವು ಮಾಡಬಾರದು.

ಈ ದೇಶಕ್ಕೆ ದೂರದ ಲೆಕ್ಕ ತಿಳಿಯದು ಎಂದೇನಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ನಿಯಮಗಳು ಒಂದರಿಂದ ಐದನೆಯ ತರಗತಿಗೆ 1 ಕಿ.ಮೀ. ಒಳಗೆ, ಆರರಿಂದ ಎಂಟಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕೆನ್ನುತ್ತವೆ. ಅಲ್ಲಿ ಮಾನದಂಡ ದೂರ. ಗುಜರಾತಿನ ಗಿರ್ ಕಾಡಿನೊಳಗೆ ಬಾಣೇಜ್ ಎಂಬ ದೇವಸ್ಥಾನದಲ್ಲಿ ಒಬ್ಬನೇ ಮತದಾರನಿಗಾಗಿ ಚುನಾವಣಾ ಆಯೋಗ ಮತಗಟ್ಟೆ ತೆರೆದು, ಸಿಬ್ಬಂದಿಯನ್ನು ಕಳುಹಿಸಿದ್ದನ್ನು ನೀವೆಲ್ಲ ಓದಿದ್ದೀರಿ. ಒಂದು ಮತಕ್ಕೆ ಇಷ್ಟು ಖರ್ಚೇ ಎಂದು ಯಾರೂ ಆಕ್ಷೇಪಿಸಲಿಲ್ಲ, ಎಲ್ಲರೂ ಹೆಮ್ಮೆಪಟ್ಟರು. ಐದು ವರ್ಷಕ್ಕೊಮ್ಮೆ ಮತಪೆಟ್ಟಿಗೆ ಕಾಡಿನೊಳಗೆ ಹೋಗಬಹುದಾದರೆ ದಿನಾ ಬೆಳಿಗ್ಗೆ ಒಬ್ಬ ಮೇಷ್ಟ್ರು ಏಕೆ ಹೋಗಬಾರದು?

ಭಾರತದ ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಸರ್ಕಾರ ಪ್ರಕಟಿಸಿದೆ. ಎಂದಿನಂತೆ ಎಣಿಕೆಯ ಕೆಲಸದ ದೊಡ್ಡ ಪಾಲು ಶಿಕ್ಷಕರದು. ನಿಮ್ಮಲ್ಲಿ ಹಲವರ ಪಾಲಿಗೆ ಬರುತ್ತದೆ. ಸರ್ಕಾರ ಕೇಳಿದ್ದನ್ನು ನಮೂದಿಸಿರಿ, ಒಂದು ತಲೆಯೂ ತಪ್ಪದಿರಲಿ, ಗುಡಿಸಲಿನವರೂ ತೋಟದ ಬಿಡಾರದವರೂ ಬಿಟ್ಟುಹೋಗದಿರಲಿ. ಅದರೊಡನೆ ನಿಮ್ಮ ಸ್ವಂತ ಟಿಪ್ಪಣಿ ಪುಸ್ತಕದಲ್ಲಿ ಇನ್ನೊಂದು ಕಲಮು ಎಳೆದುಕೊಳ್ಳಿರಿ: ಕೊನೆಯ ಮನೆಯಿಂದ ಶಾಲೆಗೆ, ಆಸ್ಪತ್ರೆಗೆ, ಅಂಚೆಗೆ ನಡೆಯುವ ದಾರಿ ಬೇಸಿಗೆಯಲ್ಲಿ ಎಷ್ಟು, ಮಳೆಗಾಲದಲ್ಲಿ ಎಷ್ಟು. ಕೆಲಸ ಮುಗಿದ ಮೇಲೆ ಊರಿನ ಹೆಸರು ಸಹಿತ ನನಗೆ ಬರೆದು ಕಳುಹಿಸಿದರೆ ಇದೇ ಪುಟದಲ್ಲಿ ಪಟ್ಟಿ ಮಾಡಿ ಹಾಕುತ್ತೇನೆ.